ಮರಳು ತೆಗೆದೆ, ಒಂದು ಬೋಗುಣಿಯಷ್ಟು ಬಿಟ್ಟೆ

ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನ ತಳದಿಂದ ಮರಳು ತೆಗೆದ ಕಥೆ ಇದು. ಮೊದಲು ಅಳತೆ ಹೇಳಿಬಿಡುತ್ತೇನೆ, ಗೋಳು ಆಮೇಲೆ. ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. 10 ಎಂಎಂ ಗಾಜು. ಕೆಳಗೆ ಕ್ಯಾಬಿನೆಟ್‌ನಲ್ಲಿ 2 ಅಡಿಯ ಸಂಪ್, ಅಂದರೆ ನೀರು ಸೋಸುವ ಸಣ್ಣ ಟ್ಯಾಂಕ್, ಅದರೊಳಗೆ ಕೊಳೆಯನ್ನು ನೊರೆಯ ಜೊತೆ ಎತ್ತಿ ತೆಗೆಯುವ ಸ್ಕಿಮ್ಮರ್. ಎಲ್ಲ ಸೇರಿ ಹತ್ತಿರ ಹತ್ತಿರ 200 ಲೀಟರ್ ಉಪ್ಪುನೀರು. ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ ಇದೆ.

ಒಳಗೆ ಇರುವವರು: ಒಂದು ಜೋಡಿ ಕ್ಲೌನ್ ಮೀನು, ಪಾಚಿ ತಿನ್ನುವ ಒಂದು ಬ್ಲೆನಿ, ಒಂದು ಸಿಗಡಿ, ಒಂದಿಷ್ಟು ಬಸವನಹುಳ. ಜೊತೆಗೆ ಒಂದು ಹಳದಿ ರಾಸ್ ಮೀನು. ಬೆರಳುದ್ದ, ಮೈಯೆಲ್ಲ ಅಚ್ಚ ಹಳದಿ. ಮಗಳು ಅದಕ್ಕೆ ನಿಂಬೆ ಅಂತ ಹೆಸರಿಟ್ಟಿದ್ದಾಳೆ. ಈ ಕಥೆಯಲ್ಲಿ ನಿಂಬೆಯ ಪಾತ್ರ ದೊಡ್ಡದು.

ಹವಳದಲ್ಲಿ ಬರೀ ಮೆತ್ತನೆ ಜಾತಿಯವು. ಝೋವಾ, ಮಶ್ರೂಮ್, ಒಂದು ಟೋಡ್‌ಸ್ಟೂಲ್, ಹಸಿರು ಹುಲ್ಲಿನ ಹಾಗೆ ಹಬ್ಬುವ ಸ್ಟಾರ್ ಪಾಲಿಪ್. ಗಟ್ಟಿ ಹವಳ ಒಂದೂ ಇಲ್ಲ. ಅದು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲಿಗೂ ಅದೇ ಮಾತು. ಹಾಗಾಗಿ ನನ್ನ ಕಲ್ಲೆಲ್ಲ ಕಾರ್ಖಾನೆಯಲ್ಲಿ ಮಾಡಿದ್ದು. "ಯಾರು ನೋಡ್ತಾರೆ ಬಿಡಿ" ಅನ್ನುವವರು ಸಿಗುತ್ತಾರೆ. ನಾನು ಆ ಕಡೆ ತಲೆ ಹಾಕಿಲ್ಲ.

ಈಗ ಗೋಳು.

ಮೂರು ವರ್ಷದ ಹಿಂದೆ ಟ್ಯಾಂಕ್ ಹಾಕಿದಾಗ ತಳಕ್ಕೆ ಮರಳು ಬೇಕೋ ಬೇಡವೋ ಅಂತ ಯೋಚನೆಯನ್ನೇ ಮಾಡಿರಲಿಲ್ಲ. ಸಮುದ್ರ ಅಂದರೆ ಮರಳು ಇರಬೇಕು ಅಲ್ವಾ? 9 ಕೆಜಿಯ ಮೂರು ಚೀಲ ತಂದು ಸುರಿದೆ. ಒಟ್ಟು 27 ಕೆಜಿ. ಹರಡಿದಾಗ ಒಂದೂಮುಕ್ಕಾಲು ಇಂಚು ದಪ್ಪ ಬಂತು. ಬೆಳ್ಳಗೆ, ಸಕ್ಕರೆ ಹಾಗೆ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಹೊಗಳಿದರು.

ಮೂರನೇ ವರ್ಷದ ಹೊತ್ತಿಗೆ ಅದೇ ಮರಳಿನ ಮೇಲೆ ನೇರಳೆ ಮಿಶ್ರಿತ ಕೆಂಪು ಲೋಳೆ. ಸೈನೋ ಅನ್ನುತ್ತಾರೆ, ಪಾಚಿಯ ಹಾಗೆ ಕಾಣುವ ಬ್ಯಾಕ್ಟೀರಿಯಾ. ಬೆಳಿಗ್ಗೆ ಎಳೆದು ತೆಗೆದರೆ ಸಂಜೆಗೆ ಮತ್ತೆ ಹಾಸಿಕೊಂಡಿರುತ್ತಿತ್ತು, ಹಳೇ ಕಂಬಳಿ ಥರ. ಕೊಳೆಯಿಂದ ಹುಟ್ಟುವ ನೈಟ್ರೇಟ್ ಎಷ್ಟಿದೆ ಅಂತ ಟೆಸ್ಟ್ ಮಾಡಿದರೆ ಕೊಳವೆಯಲ್ಲಿ ದಾಳಿಂಬೆ ರಸದ ಬಣ್ಣ. 60 ಪಿಪಿಎಂ (ಹತ್ತು ಲಕ್ಷ ಪಾಲಿಗೆ 60) ಹತ್ತಿರ. ಫಾಸ್ಫೇಟ್ 0.35. ಮೆತ್ತನೆ ಹವಳಕ್ಕೆ ಸ್ವಲ್ಪ ಕೊಳೆ ನೀರು ಆಗಿಬರುತ್ತದೆ, ನಿಜ. ಆದರೆ ಇಷ್ಟಲ್ಲ. ಟೋಡ್‌ಸ್ಟೂಲ್ ಹದಿನೈದು ದಿನ ಮುಖ ಮುಚ್ಚಿಕೊಂಡು ಕೂತಿತು. ವಾರಕ್ಕೆ 40 ಲೀಟರ್ ನೀರು ಬದಲಿಸಿದೆ, ಊಟ ಕಡಿಮೆ ಮಾಡಿದೆ, ಸ್ಕಿಮ್ಮರ್ ಬಿಚ್ಚಿ ತೊಳೆದೆ. ಸಂಖ್ಯೆ ಇಳಿಯಲಿಲ್ಲ.

ಒಂದು ರಾತ್ರಿ ಟಾರ್ಚ್ ಹಿಡಿದು ಮುಂದಿನ ಗಾಜಿನ ಕೆಳಗಿನ ಅಂಚನ್ನು ಅಡ್ಡದಿಂದ ನೋಡಿದೆ. ಮೇಲಿನ ಅರ್ಧ ಇಂಚು ಬೆಳ್ಳಗಿತ್ತು. ಅದರ ಕೆಳಗೆ ಕಾಫಿ ಗಸಿಯ ಬಣ್ಣ. ಇನ್ನೂ ಕೆಳಗೆ, ಮೂಲೆಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಮಚ್ಚೆ. ಮಧ್ಯೆ ಸಣ್ಣ ಸಣ್ಣ ಗುಳ್ಳೆ. ನಮ್ಮೂರಿನ ಕೆರೆಯ ಹೂಳು ಕಣ್ಣಮುಂದೆ ಬಂತು. ಮೇಲೆ ತಿಳಿನೀರು, ಕಾಲಿಟ್ಟರೆ ಮೊಣಕಾಲವರೆಗೆ ಕೆಸರು.

ಇಲ್ಲಿ ಮರಳಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಹವ್ಯಾಸದಲ್ಲಿ ಬಳಸುವ ಮರಳು ನಮ್ಮ ಕರಾವಳಿಯ ಮರಳಲ್ಲ. ಅದು ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಚಿಪ್ಪು ಸುಣ್ಣದ ಜಾತಿ. ಚೀಲದಲ್ಲಿ ಬರುವುದರಲ್ಲಿ ಬಹಾಮಾಸ್ ದ್ವೀಪಗಳದ್ದು ಹೆಸರುವಾಸಿ. ನಮ್ಮ ಪಕ್ಕದ ಲಕ್ಷದ್ವೀಪದ ದಂಡೆಯೂ ಸುಣ್ಣದ ಮರಳೇ, ಹವಳ ಪುಡಿಯಾಗಿ ಆದದ್ದು. ಅಂಥ ದಂಡೆಗಳ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನುಗಳ ಹೊಟ್ಟೆಯಿಂದ ಬಂದದ್ದು. ಅವು ಹವಳದ ಕಲ್ಲು ಕಡಿದು, ಪಾಚಿ ಜೀರ್ಣಿಸಿಕೊಂಡು, ಪುಡಿಯನ್ನು ಹಿಂದಿನಿಂದ ಬಿಡುತ್ತವೆ. ಹನಿಮೂನ್ ಫೋಟೊದ ಬಿಳಿ ಮರಳಿನ ಹಿಂದೆ ಈ ಸಂಗತಿ ಇದೆ.

"ಮಲ್ಪೆಗೆ ಹೋಗಿ ಒಂದು ಚೀಲ ತುಂಬಿಕೊಂಡು ಬಾ, ದುಡ್ಡು ಯಾಕೆ ಹಾಳು ಮಾಡ್ತೀಯ?" ಎಂದು ಗೆಳೆಯ ಆಗ ಹೇಳಿದ್ದ. ಚೀಲ ತುಂಬಲಿಲ್ಲ. ಕಡಲತೀರದ ಮರಳು ಹಾಗೆ ಹೊತ್ತು ತರುವಂತಿಲ್ಲ. ಒಂದು ಮುಷ್ಟಿ ತಂದು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದ್ದೆ, ಸುಮ್ನೆ ಕುತೂಹಲಕ್ಕೆ. ವಿನೆಗರ್ ಹಾಕಿದರೆ ಚಿಪ್ಪಿನ ಚೂರುಗಳು ಮಾತ್ರ ಬುಸ್ ಎಂದವು, ಉಳಿದದ್ದು ಕಲ್ಲುಗುಂಡಿನ ಹಾಗೆ ಸುಮ್ಮನಿತ್ತು. ಅದು ನದಿ ತಂದ ಬೆಣಚುಕಲ್ಲಿನ ಪುಡಿ. ಫ್ರಿಡ್ಜ್ ಮೇಲಿನ ಆಯಸ್ಕಾಂತ ಆಡಿಸಿದರೆ ಕಪ್ಪು ಕಾಳುಗಳು ಮೀಸೆಯ ಹಾಗೆ ಅಂಟಿಕೊಂಡವು. ಕಬ್ಬಿಣದ ಅಂಶ. ಹವಳದ ಟ್ಯಾಂಕ್‌ಗೆ ಅದು ಬೇಡವೇ ಬೇಡ.

ಇನ್ನು ಮರಳು ಏನು ಕೆಲಸ ಮಾಡುತ್ತದೆ ಅನ್ನುವುದು. ಮೀನಿನ ಹೇಲು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲಿನ ಮೇಲೆ, ಮರಳಿನ ಕಾಳಿನ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಇಷ್ಟಕ್ಕೆ ಗಾಳಿ ಬೇಕು. ಗಾಳಿ ಹೋಗದಷ್ಟು ಆಳದಲ್ಲಿ ಬೇರೆ ಬ್ಯಾಕ್ಟೀರಿಯಾ ಇವೆ. ಅವು ನೈಟ್ರೇಟ್‌ನಿಂದಲೇ ಆಮ್ಲಜನಕ ಕಿತ್ತುಕೊಂಡು, ಉಳಿದ ಸಾರಜನಕವನ್ನು ಗುಳ್ಳೆಯಾಗಿ ಬಿಡುತ್ತವೆ. ಇದೇ ಲೆಕ್ಕದ ಮೇಲೆ ನಾಲ್ಕು ಇಂಚಿಗಿಂತ ದಪ್ಪ ಮರಳು ಹಾಕುವವರಿದ್ದಾರೆ. ಮೊನಾಕೊದ ವಿಜ್ಞಾನಿ ಜ್ಯಾಂ ಜೋಬೇರ್ 1980ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜಾಲರಿ ಇಟ್ಟು, ಮರಳಿನ ಕೆಳಗೆ ಖಾಲಿ ನೀರಿನ ಪದರವನ್ನೇ ಬಿಟ್ಟರು. ಇನ್ನೊಂದು ಕಡೆ ಬರ್ಲಿನ್ ಪದ್ಧತಿಯವರು. ಕಲ್ಲು ಸಾಕು, ಒಳ್ಳೇ ಸ್ಕಿಮ್ಮರ್ ಸಾಕು, ಕೊಳೆಯೋ ಮುಂಚೆ ಕೊಳೆ ಎತ್ತಿಬಿಡಿ ಅನ್ನುವವರು. ಇವತ್ತಿನ ಬರಿ ತಳದವರು, ಅಂದರೆ ತಳಕ್ಕೆ ಮರಳೇ ಹಾಕದವರು, ಇವರ ಮೊಮ್ಮಕ್ಕಳು.

ನನ್ನ ಒಂದೂಮುಕ್ಕಾಲು ಇಂಚು ಎರಡೂ ಕಡೆ ಸೇರಲಿಲ್ಲ. ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾಕ್ಕೆ ಸಾಕಾಗುವಷ್ಟು ಆಳ ಇಲ್ಲ. ಕೊಳೆ ಹಿಡಿದಿಡುವುದಕ್ಕೆ ಮಾತ್ರ ಧಾರಾಳವಾಗಿ ಸಾಕು. ಅದರ ಮೇಲೆ ಮೂರು ವರ್ಷ ನಾನು ಅದನ್ನು ಕೆದಕಲೂ ಇಲ್ಲ. ತಪ್ಪು ಮರಳಿನದಲ್ಲ, ನನ್ನದು. ಒಂದು ಇಂಚು ಹಾಕಿ ವಾರಕ್ಕೊಮ್ಮೆ ಪೈಪಿನಿಂದ ಎಳೆದಿದ್ದರೆ ಇವತ್ತು ಈ ಬರಹ ಇರುತ್ತಿರಲಿಲ್ಲ. ಆದರೆ ನನ್ನ ಸೋಮಾರಿತನ ನನಗೆ ಗೊತ್ತು. ಕೊಳೆ ಕಣ್ಣಿಗೆ ಕಂಡರೆ ತೆಗೆಯುತ್ತೇನೆ. ಕಾಣದಿದ್ದರೆ ಇಲ್ಲ. ಹಾಗಾಗಿ ಬರಿ ತಳ.

ಶುರುವಿಗೆ ಮುಂಚೆ

ಮರಳು ತೆಗೆದರೆ ಕೊಳೆ ಮಾಯ ಆಗುವುದಿಲ್ಲ. ಅದು ಎಲ್ಲೋ ಹೋಗಿ ಕೂರಲೇಬೇಕು. ಎಲ್ಲಿ ಕೂರಬೇಕು ಅನ್ನುವುದನ್ನು ನಾನು ತೀರ್ಮಾನಿಸಬೇಕು, ನೀರಲ್ಲ. ಒಂದು ಚಿಟಿಕೆ ಮೀನಿನ ಕಾಳನ್ನು ಕುಟ್ಟಿ ಪುಡಿ ಮಾಡಿ, ಟ್ಯಾಂಕ್ ನೀರಿನಲ್ಲೇ ನೆನೆಸಿ, ಒಂದು ದೊಡ್ಡ ಸಿರಿಂಜಿನಿಂದ, ಟ್ಯಾಂಕಿನೊಳಗೆ ನೀರು ಓಡಿಸುವ ಪಂಪಾದ ವೇವ್‌ಮೇಕರ್ ಎದುರು ಬಿಟ್ಟೆ. ಪುಡಿ ಸುತ್ತಿತು, ಇಳಿಯಿತು. ಹತ್ತು ನಿಮಿಷದ ಮೇಲೆ ನೋಡಿದರೆ ಎರಡು ಕಡೆ ಗುಡ್ಡೆ: ದೊಡ್ಡ ಕಲ್ಲಿನ ಹಿಂದೆ ಒಂದು, ಎಡ ಮುಂಭಾಗದ ಮೂಲೆಯಲ್ಲಿ ಒಂದು. ಕಪ್ಪು ಮಚ್ಚೆ ಇದ್ದದ್ದೂ ಅದೇ ಮೂಲೆಯಲ್ಲಿ. ಸ್ಕೆಚ್ ಪೆನ್ನಿನಿಂದ ಗಾಜಿನ ಹೊರಗೆ ಗುರುತು ಹಾಕಿಕೊಂಡೆ.

ಮರಳು ಇರುವಾಗ ನೀರಿನ ಓಟ ಜಾಸ್ತಿ ಮಾಡುವಂತಿರಲಿಲ್ಲ, ಸಕ್ಕರೆ ಮರಳು ಎದ್ದು ಝೋವಾಗಳ ಮೇಲೆ ಬೀಳುತ್ತಿತ್ತು. ಗಂಟೆಗೆ 4000 ಲೀಟರ್ ಎಳೆಯುವ ಒಂದೇ ವೇವ್‌ಮೇಕರ್ ಇಟ್ಟಿದ್ದೆ. ಅದೇ ಅಳತೆಯ ಇನ್ನೊಂದು ತಂದೆ. ಹಾಕುವುದು ಮರಳು ಪೂರ್ತಿ ಹೋದ ಮೇಲೆ.

ಇನ್ನೊಂದು ಸಮಸ್ಯೆ ಕಲ್ಲು. ನನ್ನ ಎರಡು ದೊಡ್ಡ ಕಲ್ಲು ಗಾಜಿನ ಮೇಲೇ ಕೂತಿದ್ದವು, ಸರಿ. ಮೂರನೆಯದನ್ನು ಆಮೇಲೆ ತಂದು ಮರಳಿನ ಮೇಲೆ ಇಟ್ಟಿದ್ದೆ. ಮರಳು ಹೋದರೆ ಅದು ಕುಸಿಯುತ್ತದೆ. ಚೂಪು ಕಲ್ಲು ಗಾಜಿಗೆ ಬಡಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಕಲ್ಲಿನ ಕೆಳಗೆ ಒಂದು ಹಾಳೆ ಇಡಬೇಕು. ನಾನು ಬುದ್ಧಿವಂತ ಅಂದುಕೊಂಡು ಪಾತ್ರೆ ಅಂಗಡಿಯಿಂದ ಬಿಳಿ ಪ್ಲಾಸ್ಟಿಕ್ಕಿನ ತರಕಾರಿ ಹೆಚ್ಚುವ ಮಣೆ ತಂದೆ. ಬಕೆಟ್ ಉಪ್ಪುನೀರಿಗೆ ಹಾಕಿ ನೋಡಿದೆ. ದೋಣಿ ಹಾಗೆ ತೇಲಿತು! ಅದು ಪಾಲಿಥಿನ್, ನೀರಿಗಿಂತ ಹಗುರ. ಸಿಲಿಕೋನ್‌ನಿಂದ ಅಂಟಿಸೋಣ ಅಂದರೆ ಅದಕ್ಕೆ ಸಿಲಿಕೋನೂ ಹಿಡಿಯುವುದಿಲ್ಲ. ಮಣೆ ಅಡುಗೆಮನೆಗೆ ಹೋಯಿತು. ಹೆಂಡತಿ ಏನೂ ಹೇಳಲಿಲ್ಲ, ಮರುದಿನ ಅದರ ಮೇಲೇ ಬೀನ್ಸ್ ಹೆಚ್ಚಿದಳು. ಕೊನೆಗೆ ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ 5 ಎಂಎಂ ಅಕ್ರಿಲಿಕ್‌ನ ಎರಡು ತುಂಡು ಸಿಕ್ಕಿತು. ಅದು ಮುಳುಗುತ್ತದೆ. ಅಂಚು ಉಜ್ಜಿ ನಯ ಮಾಡಿ, ಎರಡು ದಿನ ನೀರಲ್ಲಿ ನೆನೆಹಾಕಿಟ್ಟೆ.

ಮೊದಲ ಭಾನುವಾರ

ಲೆಕ್ಕ ಸರಳ. ನಾಲ್ಕು ಭಾನುವಾರ, ಸಲಕ್ಕೆ ಕಾಲು ಭಾಗ ಮರಳು, ಜೊತೆಗೆ ವಾರದ 40 ಲೀಟರ್ ನೀರು. ಶನಿವಾರವೇ ಆರ್‌ಓ ನೀರಿಗೆ ಒಂದೂವರೆ ಕೆಜಿ ಉಪ್ಪು ಹಾಕಿ, ಡ್ರಮ್ಮಿನಲ್ಲಿ ಪಂಪ್ ಬಿಟ್ಟು ಕರಗಿಸಿಟ್ಟಿದ್ದೆ. ಸಾಂದ್ರತೆ 1.025, ಬಿಸಿ 26 ಡಿಗ್ರಿ.

ಏರ್ ಪಂಪಿನ ಸಣ್ಣ ಪೈಪಿನಲ್ಲಿ ಸೈಫನ್ ಮಾಡಲು ಹೋದೆ. ಅರ್ಧ ನಿಮಿಷಕ್ಕೆ ಕಟ್ಟಿಕೊಂಡಿತು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಅರ್ಧ ಇಂಚಿನ ಪಾರದರ್ಶಕ ಪೈಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅದು ಸರಿಹೋಯಿತು. ಬಾಯಿಯನ್ನು ಮರಳಿಗೆ ತಾಗಿಸಿ ಓರೆಯಾಗಿ ಹಿಡಿಯಬೇಕು. ನೆಟ್ಟಗೆ ಚುಚ್ಚಿದರೆ ನೀರು ಬರದೆ ಮರಳು ಮಾತ್ರ ತುಂಬಿ ನಿಲ್ಲುತ್ತದೆ. ಓರೆ ಹಿಡಿದರೆ ಕೊಳವೆಯೊಳಗೆ ಮರಳು ಕಂದು ನೀರಿನ ಜೊತೆ ಸರಸರ ಓಡುತ್ತದೆ, ಕೂತು ನೋಡುತ್ತಲೇ ಇರಬಹುದು. ಕೆಟ್ಟ ಖುಷಿ.

ಬಲಗಡೆಯ ಮುಂಭಾಗ ಖಾಲಿ ಆಯಿತು. ಎರಡು ಬಕೆಟ್ ಚಹಾ ಬಣ್ಣದ ನೀರು. ಮೀನುಗಳಿಗೆ ಏನೂ ಅನಿಸಲಿಲ್ಲ.

ಎರಡನೇ ಭಾನುವಾರ

ಬಲಗಡೆಯ ಹಿಂಭಾಗ. ಹೇಳುವಂಥದ್ದೇನಿಲ್ಲ. ಬುಧವಾರ ಅಮೋನಿಯಾ ನೋಡಿದೆ, ಸೊನ್ನೆ. ಇಲ್ಲಿಗೆ ನನಗೆ ಧೈರ್ಯ ಬಂತು. ಬರಬಾರದಿತ್ತು.

ಮೂರನೇ ಭಾನುವಾರ

ಎಡಗಡೆಯ ಹಿಂಭಾಗ, ಅಂದರೆ ದೊಡ್ಡ ಕಲ್ಲಿನ ಬುಡ. ಅರ್ಧ ಕೆಲಸ ಆದ ಮೇಲೆ ಇನ್ನೂ ಹತ್ತು ಲೀಟರ್ ನೀರಿನ ಲೆಕ್ಕ ಬಾಕಿ ಇತ್ತು. ಹೇಗಿದ್ದರೂ ಕೈ ಒದ್ದೆಯಾಗಿದೆ, ಮೂರನೇ ಕಲ್ಲನ್ನೂ ಇವತ್ತೇ ಎತ್ತಿ ಅಕ್ರಿಲಿಕ್ ಇಟ್ಟುಬಿಡೋಣ ಅನ್ನಿಸಿತು. ಎತ್ತಿದೆ.

ಕಲ್ಲಿನ ಅಡಿಯ ಮರಳು ಇದ್ದಿಲಿನ ಹಾಗೆ ಕಪ್ಪು. ಕಲ್ಲು ಮೇಲೆ ಬಂದ ಹಾಗೆ ಅದು ಹೊಗೆಯಂತೆ ಎದ್ದು ಹರಡಿತು. ಎರಡು ಉಸಿರಿನಷ್ಟು ಹೊತ್ತಿಗೆ ಟ್ಯಾಂಕಿನ ಹಿಂದಿನ ಗಾಜು ಕಾಣಲಿಲ್ಲ. ಆಮೇಲೆ ವಾಸನೆ. ಅಮ್ಮ ಸೆರಗು ಮೂಗಿಗೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದರು. "ಏನೋ ಇದು, ಕೊಳೆತ ಮೊಟ್ಟೆ ನಾತ? ನಮ್ಮನೇಲಿ ಮೊಟ್ಟೇನೇ ತರಲ್ಲ!"

ಅದು ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದ ಕೊಳೆಯಲ್ಲಿ ಹುಟ್ಟುವ ಅನಿಲ, ಮೀನಿಗೆ ವಿಷ. ಕಪ್ಪು ಬಣ್ಣವೂ ಅದರ ಕೈವಾಡವೇ, ಕಬ್ಬಿಣದ ಜೊತೆ ಸೇರಿ ಆಗುವುದು. ಗಾಳಿ ತುಂಬಿದ ನೀರಿನಲ್ಲಿ ಅದು ಆಮ್ಲಜನಕದ ಜೊತೆ ಸೇರಿ ವಿಷ ಕಳೆದುಕೊಳ್ಳುತ್ತದೆ, ಆದರೆ ಅಷ್ಟು ಹೊತ್ತು ಮೀನು ತಡೆದುಕೊಳ್ಳಬೇಕಲ್ಲ. ಕ್ಲೌನ್ ಜೋಡಿ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿತು.

ಆಗ ಕರೆಂಟ್ ಹೋಯಿತು. ಸುಳ್ಳಲ್ಲ. ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ.

ಬ್ಯಾಟರಿಯ ಏರ್ ಪಂಪ್ ಇತ್ತು. ಸೆಲ್ ಮಗಳ ಆಟದ ಕಾರಿನಲ್ಲಿತ್ತು. "ಅಪ್ಪಾ, ಇದನ್ನ ತಗೋ" ಅಂತ ಅವಳೇ ಕಿತ್ತು ತಂದಳು. ಅದರ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಮೂಲೆಯಲ್ಲಿ ಬಿಟ್ಟೆ. ಡ್ರಮ್ಮಿನಲ್ಲಿದ್ದ ಹೊಸ ಉಪ್ಪುನೀರನ್ನು ಮಗ್ಗಿನಿಂದ ಎತ್ತರದಿಂದ ಸುರಿದೆ, ಗಾಳಿ ಸೇರಲಿ ಅಂತ. ಒಂದು ಮಗ್ಗು ಟ್ಯಾಂಕಿನಿಂದ ಹೊರಗೆ, ಒಂದು ಮಗ್ಗು ಡ್ರಮ್ಮಿನಿಂದ ಒಳಗೆ. ನಲವತ್ತು ನಿಮಿಷ ಇದೇ ಕೆಲಸ. ಸೊಂಟ ಹಿಡಿದುಕೊಂಡಿತು. ಕರೆಂಟ್ ಬಂದ ತಕ್ಷಣ ಸಂಪಿಗೆ ವಿಷ ಹೀರಿಕೊಳ್ಳುವ ಆಕ್ಟಿವೇಟೆಡ್ ಕಾರ್ಬನ್ ಒಂದು ಬಟ್ಟೆ ಚೀಲದಷ್ಟು ಹಾಕಿ, ಹೊಸ ವೇವ್‌ಮೇಕರನ್ನೂ ಮೇಲ್ಮೈ ಕಡೆ ತಿರುಗಿಸಿ ಬಿಟ್ಟೆ.

ರಾತ್ರಿ ಅಮೋನಿಯಾ 0.5. ಬೆಳಿಗ್ಗೆ ಸಿಗಡಿ ಬೋರಲಾಗಿ ಬಿದ್ದಿತ್ತು. ಮರಳಿನಲ್ಲಿ ಇರುತ್ತಿದ್ದ ನಸ್ಸಾರಿಯಸ್ ಬಸವನಹುಳಗಳಲ್ಲಿ ಎರಡು ಹೋದವು. ಮೀನುಗಳು ಉಳಿದವು. ನಿಂಬೆ ಕಾಣಲಿಲ್ಲ. ಸೋಮವಾರ ಸಂಜೆಯವರೆಗೆ ಉಳಿದ ಕಾಲು ಭಾಗ ಮರಳಿನಲ್ಲಿ ಹೂತುಕೊಂಡೇ ಇತ್ತು. ಮಗಳು ಶಾಲೆಯಿಂದ ಬಂದು ಬ್ಯಾಗ್ ಬಿಸಾಕಿ ಟ್ಯಾಂಕ್ ಎದುರು ಕೂತವಳು "ಅಪ್ಪಾ, ಮೂಗು ಬಂತು" ಎಂದು ಕೂಗಿದಾಗ ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಮೈಕ್ ಆನ್ ಇತ್ತು.

ಎಲ್ಲಿ ತಪ್ಪಿದೆ ಅಂತ ನೇರವಾಗಿ ಹೇಳುತ್ತೇನೆ. ಕಲ್ಲು ಎತ್ತುವ ಮುಂಚೆ ಅದರ ಸುತ್ತ ಪೈಪ್ ಆಡಿಸಿ, ಅಡಿಯ ಮರಳನ್ನು ಎಳೆದು ಟೊಳ್ಳು ಮಾಡಿಕೊಳ್ಳಬೇಕಿತ್ತು. ಎತ್ತುವಾಗಲೂ ಪೈಪಿನ ಬಾಯಿ ಕಲ್ಲಿನ ಬುಡದಲ್ಲೇ ಇರಬೇಕಿತ್ತು, ಎದ್ದ ಕಪ್ಪೆಲ್ಲ ನೇರ ಬಕೆಟ್‌ಗೆ ಹೋಗುತ್ತಿತ್ತು. ಆ ಹೊತ್ತಿಗೆ ಪಂಪ್‌ಗಳನ್ನು ಆರಿಸಿದ್ದರೆ ಹೊಗೆ ಇಷ್ಟು ಹರಡುತ್ತಿರಲಿಲ್ಲ. ಕಾರ್ಬನ್ ಮುಂಚೆಯೇ ಸಂಪಿನಲ್ಲಿ ಇರಬೇಕಿತ್ತು. ಮೂರು ವರ್ಷ ಮುಟ್ಟದ ಮರಳಾದರೆ ಇನ್ನೂ ಒಳ್ಳೆಯದು ಮೀನು, ಹವಳ ಎಲ್ಲ ತೆಗೆದು ಟಬ್ಬಿನಲ್ಲಿಟ್ಟು ಒಂದೇ ದಿನದಲ್ಲಿ ಮುಗಿಸುವುದು. ನಿಂಬೆಯನ್ನು ಹಿಡಿಯಲು ಆಗುವುದಿಲ್ಲ ಅಂತ ನಾನು ಆ ದಾರಿ ಬಿಟ್ಟಿದ್ದೆ. ಕೈ ಹಾಕಿದರೆ ಸಾಕು, ಮರಳಿನೊಳಗೆ ಮಾಯ.

ನಾಲ್ಕನೆಯದಲ್ಲ, ಐದನೇ ಭಾನುವಾರ

ಒಂದು ವಾರ ಸುಮ್ಮನೆ ಬಿಟ್ಟೆ. ಅಮೋನಿಯಾ ಸೊನ್ನೆಗೆ ಇಳಿಯಿತು.

ಉಳಿದದ್ದು ಎಡ ಮುಂಭಾಗದ ಮೂಲೆ, ನಿಂಬೆಯ ಹಾಸಿಗೆ. ಈ ಜಾತಿಯ ರಾಸ್ ಪ್ರತಿ ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುತ್ತದೆ. ಹೆದರಿದರೂ ಅದೇ. ಬರಿ ಗಾಜಿನ ಮೇಲೆ ಬಿಟ್ಟರೆ ಅಭ್ಯಾಸಬಲದಿಂದ ಗಾಜಿಗೆ ಧುಮುಕಿ ಮೂತಿ ಕೆತ್ತಿಸಿಕೊಳ್ಳುತ್ತದೆ. ಮರಳು ಬೇಕು ಅನ್ನುವ ಜೀವಿಗಳು ಇನ್ನೂ ಇವೆ. ಬಿಲ ತೋಡುವ ಗೋಬಿ, ಅದರ ಜೊತೆ ಮನೆ ಮಾಡುವ ಪಿಸ್ತೂಲು ಸಿಗಡಿ, ಮರಳು ಬಾಯಿಗೆ ತುಂಬಿ ಸೋಸುವ ಗೋಬಿ. ಇವುಗಳಲ್ಲಿ ಯಾವುದಾದರೂ ಬೇಕು ಅಂತಿದ್ದರೆ ಬರಿ ತಳದ ಮಾತನ್ನೇ ಎತ್ತಬೇಡಿ. ನನ್ನ ಹತ್ತಿರ ನಿಂಬೆ ಒಂದೇ.

ಅದಕ್ಕೊಂದು ಬೋಗುಣಿ. ಅಡುಗೆಮನೆಯಲ್ಲಿ ಕೇಕ್ ಮಾಡಲು ತಂದು ಎರಡು ಸಲ ಬಳಸಿದ ಗಾಜಿನ ಚೌಕ ಬೋಗುಣಿ ಇತ್ತು. ಎಂಟು ಇಂಚು ಉದ್ದ, ಆರು ಇಂಚು ಅಗಲ, ಮೂರು ಇಂಚು ಆಳ. ಕೇಳಿಯೇ ತಗೊಂಡೆ. ಎರಡೂವರೆ ಇಂಚು ಹೊಸ ಮರಳು ತುಂಬಿದೆ, ಕಾಳು ಅರ್ಧದಿಂದ ಒಂದು ಎಂಎಂ. ಒರಟು ಮರಳಾದರೆ ಮೀನಿನ ಮೈ ತರಚುತ್ತದೆ. ತೊಳೆದದ್ದು ಏಳು ಸಲ, ಅಕ್ಕಿ ತೊಳೆದ ಹಾಗೆ, ಮೇಲಿನ ನೀರು ತಿಳಿಯಾಗುವವರೆಗೆ. ಇಳಿಸುವಾಗ ಮೇಲೆ ಒಂದು ಸ್ಟೀಲ್ ತಟ್ಟೆ ಮುಚ್ಚಿಕೊಂಡು, ತಳ ಮುಟ್ಟಿದ ಮೇಲೆ ತಟ್ಟೆ ನಿಧಾನಕ್ಕೆ ಜಾರಿಸಿದರೆ ಒಂದು ಕಾಳೂ ಏಳುವುದಿಲ್ಲ.

ಬೋಗುಣಿಯನ್ನು ಹಳೇ ಮರಳಿನ ಪಕ್ಕದಲ್ಲೇ ಇಟ್ಟು ಮೂರು ದಿನ ಕಾದೆ. ನಿಂಬೆ ತಿರುಗಿಯೂ ನೋಡಲಿಲ್ಲ. ಹಳೇ ಹಾಸಿಗೆಯೇ ಬೇಕು ಅದಕ್ಕೆ. ಗುರುವಾರ ಮಧ್ಯಾಹ್ನ ಅದು ಎದ್ದು ಓಡಾಡುವಾಗ ಹಳೇ ಮರಳನ್ನೆಲ್ಲ ಎಳೆದು, ಬೋಗುಣಿಯನ್ನು ಸರಿಯಾಗಿ ಅದೇ ಜಾಗಕ್ಕೆ ಸರಿಸಿದೆ. ಆ ರಾತ್ರಿ, ಮಾರನೇ ರಾತ್ರಿ ನಿಂಬೆ ಕಲ್ಲಿನ ಸಂದಿಯಲ್ಲಿ ಓರೆಯಾಗಿ ಒರಗಿಕೊಂಡು ಮಲಗಿತು. ಮೂರನೇ ಸಂಜೆ ಬೋಗುಣಿಯ ಅಂಚಿಗೆ ಬಂದು ಎರಡು ಸುತ್ತು ಹಾಕಿ, ತಲೆ ಬಗ್ಗಿಸಿ, ಬಾಲ ಒಮ್ಮೆ ಬಡಿದು ಒಳಗೆ ಹೋಯಿತು. ಮರಳಿನ ಮೇಲೆ ಒಂದು ಸಣ್ಣ ಹೊಂಡ ಉಳಿಯಿತು. ಮನೆಯಲ್ಲಿ ನಾವು ಮೂವರು ಚಪ್ಪಾಳೆ ತಟ್ಟಿದೆವು. ಅಮ್ಮ ಧಾರಾವಾಹಿ ನೋಡುತ್ತಿದ್ದರು.

ತೆಗೆದ ಮರಳು ಏನು ಮಾಡುವುದು? ಉಪ್ಪು ಕುಡಿದ ಮರಳು, ಹೂಕುಂಡಕ್ಕೆ ಹಾಕಿದರೆ ತುಳಸಿ ಒಣಗುತ್ತದೆ, ಗಾರೆಗೆ ಹಾಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. "ಊರಲ್ಲಿ ತೆಂಗಿನ ಬುಡಕ್ಕೆ ಉಪ್ಪೇ ಹಾಕ್ತಿದ್ವಿ" ಎಂದರು ಅಮ್ಮ. ಆದರೂ ತಾರಸಿಯಲ್ಲಿ ನಾಲ್ಕು ಸಲ ತೊಳೆದು, ಒಣಗಿಸಿ, ಮನೆ ಹಿಂದಿನ ತೆಂಗಿನ ಸುತ್ತ ಹರಡಿದೆ. ಮರಕ್ಕೆ ಏನೂ ಆಗಿಲ್ಲ.

ಆಮೇಲೆ

ಬರಿ ತಳದ ಚಂದ ಅಂದರೆ ಏನು ಅಂತ ಮೊದಲ ದಿನವೇ ಗೊತ್ತಾಯಿತು. ನಮ್ಮಲ್ಲಿ ಟ್ಯಾಂಕ್ ಕೆಳಗೆ ಥರ್ಮಾಕೋಲ್ ಹಾಸುತ್ತೇವಲ್ಲ, ಅದು ಗಾಜಿನ ಮೂಲಕ ಗುಂಡು ಗುಂಡಾಗಿ, ಅದರ ಮೇಲೆ ಕಟ್ಟುವಾಗ ಅಂಗಡಿಯವರು ಬರೆದ ಅಳತೆ ಸಮೇತ ಕಾಣುತ್ತಿತ್ತು. 18 ಗುಣಿಸು 36. ಸಮುದ್ರದ ತಳದಲ್ಲಿ ಗಣಿತ! ನೀವು ಹೊಸದಾಗಿ ಕಟ್ಟಿಸುವವರಾದರೆ ಥರ್ಮಾಕೋಲ್ ಮೇಲೆ ಒಂದು ಬೂದು ಬಣ್ಣದ ಶೀಟ್ ಹಾಕಿಸಿಕೊಳ್ಳಿ, ಮರೆಯಬೇಡಿ. 200 ಲೀಟರ್ ತುಂಬಿದ ಮೇಲೆ ಯಾರೂ ಎತ್ತಿ ಕೊಡುವುದಿಲ್ಲ.

ಎರಡು ವೇವ್‌ಮೇಕರ್ ಈಗ ಸೇರಿ ಗಂಟೆಗೆ 8000 ಲೀಟರ್. ಸಿರಿಂಜ್ ಪುಡಿಯ ಆಟ ಮತ್ತೆ ಆಡಿದೆ, ಒಂದು ಸಂಜೆ ಪೂರ್ತಿ. ಒಂದನ್ನು ಹಿಂದಿನ ಗಾಜಿನ ತಳಕ್ಕೆ ಸಮವಾಗಿ ಇಳಿಸಿ, ಇನ್ನೊಂದನ್ನು ಎದುರು ಗಾಜಿಗೆ ಓರೆ ಮಾಡಿದಾಗ ಕೊಳೆಯೆಲ್ಲ ಬಲಗಡೆಯ ಹಿಂಬದಿ ಮೂಲೆಗೆ ಬಂದು ಸೇರಿತು. ಮನೆ ಗುಡಿಸಿ ಕಸವನ್ನು ಒಂದು ಮೂಲೆಗೆ ತರುವುದಿಲ್ಲವೇ, ಹಾಗೆ. ಹಗುರದ್ದು ಓವರ್‌ಫ್ಲೋ ದಾಟಿ ಸಂಪಿನ ಫಿಲ್ಟರ್ ಚೀಲಕ್ಕೆ ಬೀಳುತ್ತದೆ, ಚೀಲವನ್ನು ಮೂರು ದಿನಕ್ಕೊಮ್ಮೆ ತೊಳೆಯಲೇಬೇಕು. ಮರೆತರೆ ಅದೇ ಕೊಳೆಯುವ ಜಾಗ ಆಗುತ್ತದೆ. ಭಾರದ್ದನ್ನು ಮೂಲೆಯಿಂದ ಪೈಪ್ ಹಾಕಿ ಎಳೆಯುವುದು, ಎರಡು ನಿಮಿಷದ ಕೆಲಸ. ಮೂರು ದಿನಕ್ಕೆ ಎಷ್ಟು ಕೊಳೆ ಸೇರುತ್ತದೆ ಅಂತ ಈಗ ಕಣ್ಣಾರೆ ನೋಡುತ್ತೇನೆ. ಇಷ್ಟೂ ಮೂರು ವರ್ಷ ಮರಳಿನೊಳಗೆ ಹೋಗುತ್ತಿತ್ತಲ್ಲ ಅಂತ ಹೊಟ್ಟೆ ತೊಳಸುತ್ತದೆ.

ನೈಟ್ರೇಟ್ ಎರಡು ತಿಂಗಳಲ್ಲಿ 20ಕ್ಕೆ ಬಂತು. ಫಾಸ್ಫೇಟ್ ಮಾತ್ರ ಆಟ ಆಡಿಸಿತು. 0.15ಕ್ಕೆ ಇಳಿಯಿತು, ವಾರದಲ್ಲಿ 0.25ಕ್ಕೆ ಏರಿತು, ಮತ್ತೆ ಇಳಿಯಿತು. ಸುಣ್ಣದ ಕಲ್ಲು ಫಾಸ್ಫೇಟನ್ನು ಹೀರಿಟ್ಟುಕೊಂಡು, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಮರಳು ಹೋದರೂ ಕಲ್ಲುಗಳು ಹಳೇ ಸಾಲ ತೀರಿಸುತ್ತಾ ಕೂತಿದ್ದವು. ನಾಲ್ಕನೇ ತಿಂಗಳಿಗೆ 0.1ರಲ್ಲಿ ನಿಂತಿತು. ಸೊನ್ನೆಗೆ ಇಳಿಸುವ ಆಸೆ ನನಗಿಲ್ಲ. ಮೆತ್ತನೆ ಹವಳ ಉಪವಾಸ ಬೀಳುತ್ತದೆ, ಜೊತೆಗೆ ನೀರು ಅತಿ ಶುಭ್ರವಾದಾಗ ಕಂದು ಲೋಳೆಯ ಡೈನೋ ಅನ್ನುವ ಸೂಕ್ಷ್ಮಜೀವಿ ಬಂದು ಕೂರುವುದುಂಟು. ಅದಕ್ಕಿಂತ ಸೈನೋನೇ ವಾಸಿ.

ಮೂರನೇ ವಾರ ಗಾಜಿನ ತಳಕ್ಕೆ ಕಂದು ಪಾಚಿ ಹಿಡಿಯಿತು. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದೆ. ಆಮೇಲೆ ಚುಕ್ಕೆ ಚುಕ್ಕೆಯಾಗಿ ನೇರಳೆ ಬಣ್ಣದ ಸುಣ್ಣದ ಪಾಚಿ ಬಂತು, ಕೆರೆಯುವುದನ್ನು ನಿಲ್ಲಿಸಿದೆ. ಬಲಗಡೆ ಕಲ್ಲಿನಿಂದ ಸ್ಟಾರ್ ಪಾಲಿಪ್ ಇಳಿದು ಗಾಜಿನ ಮೇಲೆ ಅಂಗೈ ಅಗಲ ಹಬ್ಬಿದೆ. ನೀರು ಬೀಸಿದರೆ ಪೈರಿನ ಹಾಗೆ ತೂಗುತ್ತದೆ. ಥರ್ಮಾಕೋಲ್‌ನ 36 ಮುಚ್ಚಿಹೋಗಿದೆ, 18 ಬಾಕಿ ಇದೆ.

ಬೋಗುಣಿಗೆ ಮಾತ್ರ ಆರೈಕೆ ತಪ್ಪಿಲ್ಲ. ತಿಂಗಳಿಗೊಮ್ಮೆ ಹೊರಗೆ ತೆಗೆದು, ಬದಲಿಸಿದ ಟ್ಯಾಂಕ್ ನೀರಿನಲ್ಲೇ ಜಾಲಿಸಿ ಇಡುತ್ತೇನೆ. ಮಧ್ಯಾಹ್ನವೇ ಮಾಡಬೇಕು. ನಿಂಬೆಗೆ ಗಡಿಯಾರ ಇದೆ. ಏಳಕ್ಕೆ ಲೈಟ್ ಆರುತ್ತದೆ, ಅದು ಆರಕ್ಕೇ ಮಲಗುತ್ತದೆ. ಕಳೆದ ತಿಂಗಳು ಕೆಲಸದ ಮಧ್ಯೆ ಮರೆತೆ. ಜಾಲಿಸಿ ಮುಗಿಸುವಾಗ ಆರು ದಾಟಿ ಐದು ನಿಮಿಷ ಆಗಿತ್ತು. ಬಂದು ನೋಡಿದರೆ ನಿಂಬೆ ಎಡ ಮುಂಭಾಗದ ಮೂಲೆಯಲ್ಲಿ, ಬೋಗುಣಿ ಇರಬೇಕಾದ ಖಾಲಿ ಜಾಗದ ಮೇಲೆ, ರೆಕ್ಕೆ ಆಡಿಸುತ್ತಾ ನಿಂತಿತ್ತು. ತಟ್ಟೆ ಮುಚ್ಚಲೂ ಪುರುಸೊತ್ತಾಗಲಿಲ್ಲ. ಬೋಗುಣಿ ನೀರಿನೊಳಗೆ ಅರ್ಧ ಅಡಿ ಇಳಿದಿತ್ತು, ಇನ್ನೂ ನನ್ನ ಎರಡು ಕೈಯಲ್ಲೇ ಇತ್ತು. ಅಷ್ಟರಲ್ಲೇ ಅದು ಮೇಲೆ ಬಂದು, ನನ್ನ ಹೆಬ್ಬೆರಳಿಗೆ ಬಾಲ ಬಡಿದು, ಮರಳಿನೊಳಗೆ ನುಗ್ಗಿಬಿಟ್ಟಿತು.